ಮೊದಲ ಫುಲ್ ಮ್ಯಾರಥಾನ್: ಮೂವತ್ತನೆಯ ಕಿಲೋಮೀಟರ್ ದಾಟಿದ ಮೇಲೆ ನನಗೆ ಆದದ್ದೇನು?

ಕುಕ್ಕರಹಳ್ಳಿ ದಂಡೆ:

ಜನವರಿಯಲ್ಲಿ ಮುಂಬೈನಲ್ಲಿ ನನ್ನ ಮೊದಲ ಫುಲ್ ಮ್ಯಾರಥಾನ್ (42.195 ಕಿಲೋಮೀಟರ್) ಮುಗಿಸಿದೆ. ‘ಓಡಿದೆ’ ಎನ್ನುವ ಮಾತು ಮೂವತ್ತನೆಯ ಕಿಲೋಮೀಟರಿನವರೆಗೆ ಮಾತ್ರ ಸಲ್ಲುತ್ತದೆ. ಅಲ್ಲಿಂದಾಚೆಗೆ ನಡೆದೆ, ನಿಂತೆ, ರಸ್ತೆ ಬದಿಯ ಕಂಬಿ ಹಿಡಿದು ಮೀನಖಂಡ ತಿಕ್ಕಿಕೊಂಡೆ, ನಾಚಿಕೆಯಾದಾಗ ನಾಲ್ಕು ಹೆಜ್ಜೆ ಓಡಿದಂತೆ ಮಾಡಿ ಮತ್ತೆ ನಡೆದೆ. ವಯಸ್ಸು 41, ತೂಕ 68 ಕಿಲೋ, ಹಾಫ್ ಮ್ಯಾರಥಾನಿನಲ್ಲಿ ನನ್ನ ಅತ್ಯುತ್ತಮ ಸಮಯ 1 ಗಂಟೆ 58 ನಿಮಿಷ. ಹಾಫ್ ಎರಡು ಗಂಟೆಯೊಳಗೆ ಮುಗಿಯುವುದಾದರೆ ಫುಲ್ ನಾಲ್ಕು ಗಂಟೆಯೊಳಗೆ ಮುಗಿಯಬೇಕು ಎಂಬ ಮಗ್ಗಿಯ ಲೆಕ್ಕವನ್ನು ನಂಬಿ ಹೊರಟವನು ನಾನು.

ಐದೈದು ಕಿಲೋಮೀಟರಿನ ಸಮಯಗಳನ್ನು ಇಲ್ಲಿ ಇಡುತ್ತಿದ್ದೇನೆ: 28:40, 28:30, 28:55, 29:20, 30:40, 33:10, 41:20, 48:50. ಉಳಿದ 2.195 ಕಿಲೋಮೀಟರಿಗೆ 21:35 ತೆಗೆದುಕೊಂಡೆ. ಒಟ್ಟು 4 ಗಂಟೆ 51 ನಿಮಿಷ. ಮೊದಲ ಅರ್ಧ 2 ಗಂಟೆ 2 ನಿಮಿಷದಲ್ಲಿ ಮುಗಿದಿತ್ತು. ಎರಡನೆಯ ಅರ್ಧಕ್ಕೆ ಅದಕ್ಕಿಂತ 47 ನಿಮಿಷ ಹೆಚ್ಚು ಹಿಡಿಯಿತು.

ತಯಾರಿ ಹದಿನಾಲ್ಕು ವಾರದ್ದು, ವಾರಕ್ಕೆ ಸರಾಸರಿ 38 ಕಿಲೋಮೀಟರ್, ಅತಿ ಉದ್ದದ ಓಟ 27 ಕಿಲೋಮೀಟರ್, ಅದನ್ನು ಎರಡು ಸಲ ಓಡಿದ್ದೆ. ಗೆಳೆಯರೆಲ್ಲ ‘ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿತ್ತು’ ಎನ್ನುತ್ತಿದ್ದಾರೆ. ಮನಸ್ಸು ಗಟ್ಟಿಯಾಗಿಯೇ ಇತ್ತು, ಕಾಲು ಮಾತು ಕೇಳಲಿಲ್ಲ. ಎಲ್ಲಿ ತಪ್ಪಿತು ಎಂಬುದನ್ನು ಅನುಭವಸ್ಥರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಹಳೆಯ ಷೂ:

ನೀವು ಕೊಟ್ಟ ಅಂಕಿಗಳಲ್ಲೇ ಉತ್ತರವಿದೆ. ನಿಮ್ಮ ಅತ್ಯುತ್ತಮ ಹಾಫ್ ಓಟದ ವೇಗ ಕಿಲೋಮೀಟರಿಗೆ 5:36. ಮುಂಬೈನಲ್ಲಿ ಮೊದಲ ಹತ್ತು ಕಿಲೋಮೀಟರನ್ನು 5:43ರ ವೇಗದಲ್ಲಿ ಓಡಿದ್ದೀರಿ. ಎಂದರೆ, ಎರಡರಷ್ಟು ದೂರ ಹೋಗಬೇಕಾದವರು ಕಿಲೋಮೀಟರಿಗೆ ಬರೀ ಏಳು ಸೆಕೆಂಡ್ ರಿಯಾಯಿತಿ ಪಡೆದುಕೊಂಡು ಹೊರಟಿದ್ದೀರಿ. ಇದಕ್ಕೆ ನಮ್ಮ ಹಿರಿಯರು ಆರಂಭಶೂರತ್ವ ಎಂದು ಹೆಸರಿಟ್ಟಿದ್ದರು.

ಹಾಫ್ ಸಮಯವನ್ನು ಎರಡರಿಂದ ಗುಣಿಸಿದರೆ ಫುಲ್ ಸಮಯ ಬರುವುದಿಲ್ಲ. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟ ಸೂತ್ರವನ್ನು ಓಟಗಾರರು ಇಂದಿಗೂ ಬಳಸುತ್ತಾರೆ. ಅದರ ಪ್ರಕಾರ ದೂರ ಇಮ್ಮಡಿಯಾದರೆ ಸಮಯ ಸುಮಾರು 2.085 ಪಟ್ಟಾಗುತ್ತದೆ. ನಿಮ್ಮ 118 ನಿಮಿಷಕ್ಕೆ ಅದನ್ನು ಅನ್ವಯಿಸಿದರೆ 4 ಗಂಟೆ 6 ನಿಮಿಷ ಬರುತ್ತದೆ. ಅದೂ ಎರಡೂ ದೂರಕ್ಕೆ ಸಮನಾಗಿ ತಯಾರಾದವರ ಲೆಕ್ಕ. ವಾರಕ್ಕೆ 38 ಕಿಲೋಮೀಟರ್ ಓಡಿದವರಿಗೆ ಆ ಸೂತ್ರ ಉದಾರವಾಗಿಯೇ ಇರುತ್ತದೆ. ಅದರ ಮೇಲೆ, ಮೈಸೂರಿನ ಒಣ ಚಳಿಯಲ್ಲಿ ಅಭ್ಯಾಸ ಮಾಡಿ ಕಡಲ ತೀರದ ತೇವದಲ್ಲಿ ಓಡಿದ್ದೀರಿ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದೇ ವೇಗಕ್ಕೆ ಎದೆಬಡಿತ ಏರುತ್ತಲೇ ಹೋಗುತ್ತದೆ. ಕೊನೆಯ ಹಂತದಲ್ಲಿ ಪೆಡ್ಡರ್ ರಸ್ತೆಯ ಏರು ಬೇರೆ ಕಾದು ಕುಳಿತಿರುತ್ತದೆ. ಆ ಏರು ದೊಡ್ಡದೇನಲ್ಲ, ಚಾಮುಂಡಿ ಬೆಟ್ಟ ಹತ್ತುವವರಿಗೆ ಅದು ಉಬ್ಬು ಅಷ್ಟೇ, ಆದರೆ ಬರುವ ಹೊತ್ತು ಕೆಟ್ಟದ್ದು.

ಇನ್ನೂ ಹದಿನೈದು ವಾರ, ವಾರಕ್ಕೆ 55 ಕಿಲೋಮೀಟರ್, 30 ದಾಟಿದ ಮೂರು ಓಟಗಳು. ಬೇರೆ ದಾರಿ ಇಲ್ಲ.

ಬೋಸ್ಟನ್ ಕನ್ನಡತಿ:

ಹಳೆಯ ಷೂ ಅವರ ಮಾತು ಒಪ್ಪುತ್ತೇನೆ, ಆದರೆ ಅದು ಅರ್ಧ ಉತ್ತರ. ಮೂವತ್ತರ ಆಸುಪಾಸಿನಲ್ಲೇ ಏಕೆ, ಇಪ್ಪತ್ತೆರಡರಲ್ಲೋ ಮೂವತ್ತೊಂಬತ್ತರಲ್ಲೋ ಏಕೆ ಅಲ್ಲ ಎಂದು ಕೇಳಿಕೊಂಡರೆ ಉಗ್ರಾಣದ ಲೆಕ್ಕ ಹಾಕಬೇಕಾಗುತ್ತದೆ. ಓಡುವಾಗ ಒಂದು ಕಿಲೋ ತೂಕಕ್ಕೆ ಒಂದು ಕಿಲೋಮೀಟರಿಗೆ ಸುಮಾರು ಒಂದು ಕಿಲೋ ಕ್ಯಾಲರಿ ಖರ್ಚಾಗುತ್ತದೆ. 68 ಕಿಲೋದವರಿಗೆ ಪೂರ್ತಿ ಓಟಕ್ಕೆ ಸುಮಾರು 2,850 ಬೇಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪಿಷ್ಟ ಎಲ್ಲ ಸೇರಿ 400ರಿಂದ 500 ಗ್ರಾಂ, ಅಂದರೆ ಹೆಚ್ಚೆಂದರೆ 2,000 ಕಿಲೋ ಕ್ಯಾಲರಿ. ಉಳಿದದ್ದು ಕೊಬ್ಬಿನಿಂದ ಬರಬೇಕು. ಕೊಬ್ಬು ಎಷ್ಟು ತೆಳ್ಳಗಿನವರ ಮೈಯಲ್ಲೂ ಹತ್ತು ಮ್ಯಾರಥಾನಿಗೆ ಸಾಕಾಗುವಷ್ಟು ಇರುತ್ತದೆ, ಆದರೆ ಅದು ನಿಧಾನವಾಗಿ ಉರಿಯುವ ಸೌದೆ. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಪಿಷ್ಟಕ್ಕೆ ಕೈ ಹಾಕುತ್ತದೆ. ಮೊದಲ ಹತ್ತು ಕಿಲೋಮೀಟರಿನಲ್ಲಿ ನೀವು ಗಳಿಸಿದ ಒಂದೆರಡು ನಿಮಿಷಗಳನ್ನು ಆ ಪಿಷ್ಟದಿಂದಲೇ ಸಾಲ ತೆಗೆದಿದ್ದೀರಿ. ಮೂವತ್ತರಲ್ಲಿ ಬಡ್ಡಿ ಕೇಳಲು ಬಂದರು.

ಇಲ್ಲಿ ಬೋಸ್ಟನ್ ಮ್ಯಾರಥಾನಿನಲ್ಲಿ ಹಾರ್ಟ್‌ಬ್ರೇಕ್ ಹಿಲ್ ಎಂಬ ದಿಬ್ಬ ಸರಿಯಾಗಿ 32ನೆಯ ಕಿಲೋಮೀಟರ್ ಮುಗಿಯುವ ಹೊತ್ತಿಗೆ ಬರುತ್ತದೆ. ಮೊದಲ ಭಾಗವೆಲ್ಲ ಇಳಿಜಾರು, ಜನ ಮೈಮರೆತು ಓಡಿರುತ್ತಾರೆ. ಆ ದಿಬ್ಬದ ಪಕ್ಕದಲ್ಲಿ ನಿಂತು ಐದು ನಿಮಿಷ ನೋಡಿದರೆ ಸಾಕು, ಯಾರು ಮೊದಲ ಭಾಗದಲ್ಲಿ ಕೈ ಬಿಗಿ ಹಿಡಿದಿದ್ದರು, ಯಾರು ದುಂದು ಮಾಡಿದ್ದರು ಎಂಬುದು ಮುಖದ ಮೇಲೆ ಬರೆದಿರುತ್ತದೆ.

ದಾರಿಯಲ್ಲಿ ಏನು ತಿಂದಿರಿ, ಏನು ಕುಡಿದಿರಿ ಎಂಬುದನ್ನು ನೀವು ಬರೆದಿಲ್ಲ. ದಯವಿಟ್ಟು ತಿಳಿಸಿ.

ಮುದ್ದೆ ಬಸ್ಸಾರು:

ಹಿಂದಿನ ರಾತ್ರಿ ಎರಡು ರಾಗಿ ಮುದ್ದೆ ಉಂಡಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಬೋಸ್ಟನ್ ಕನ್ನಡತಿ:

ಹಿಂದಿನ ಮಧ್ಯಾಹ್ನಕ್ಕೆ ಒಪ್ಪಿದೆ, ಹಿಂದಿನ ರಾತ್ರಿಗೆ ಒಪ್ಪಲಾರೆ. ರಾಗಿಯಲ್ಲಿ ನಾರು ಹೆಚ್ಚು. ಬೆಳಗಿನ ಐದು ಗಂಟೆಗೆ ಆರಂಭದ ಗೆರೆಯಲ್ಲಿ ನಿಂತಾಗ ಅದರ ಪರಿಣಾಮ ಏನೆಂದು ಇಲ್ಲಿ ವಿವರಿಸುವುದು ಬೇಡ. ರಾತ್ರಿಗೆ ಬಿಳಿ ಅನ್ನ, ತಿಳಿಸಾರು, ಅಷ್ಟೇ.

ಕುಕ್ಕರಹಳ್ಳಿ ದಂಡೆ:

ತಿಂದದ್ದು ಎರಡು ಜೆಲ್ (ಓಡುತ್ತಾ ನುಂಗುವ ಸಕ್ಕರೆ ಪಾಕದ ಪೊಟ್ಟಣ), 15 ಮತ್ತು 28ನೆಯ ಕಿಲೋಮೀಟರಿನಲ್ಲಿ. ಎರಡನೆಯದನ್ನು ಬಾಯಿಗೆ ಹಾಕಿಕೊಂಡಾಗಲೇ ಓಕರಿಕೆ ಬಂದು ಅರ್ಧ ಉಗಿದೆ. ಕುಡಿಯುವ ವಿಷಯದಲ್ಲಿ ಮಾತ್ರ ನಾನು ತಪ್ಪು ಮಾಡಿಲ್ಲ ಎಂಬ ಧೈರ್ಯವಿದೆ. ಹಿಂದೊಮ್ಮೆ ಒಂದು ಓಟದಲ್ಲಿ ಹದಿನೆಂಟನೆಯ ಕಿಲೋಮೀಟರಿನ ಮೇಜಿನ ಮೇಲೆ ಖಾಲಿ ಲೋಟಗಳು ಮಾತ್ರ ಉಳಿದಿದ್ದವು. ಆ ಬಾಯಾರಿಕೆ ನೆನಪಿತ್ತು. ಆದ್ದರಿಂದ ಈ ಸಲ ಬಾಯಾರಲಿ ಬಿಡಲಿ, ಸಿಕ್ಕ ಪ್ರತಿ ಮೇಜಿನಲ್ಲೂ ನಿಂತು ಎರಡೆರಡು ಲೋಟ ನೀರು ಕುಡಿದೆ. ಕೊನೆಯ ಹತ್ತು ಕಿಲೋಮೀಟರಿನಲ್ಲಿ ನಡೆಯುತ್ತಿದ್ದುದರಿಂದ ಇನ್ನೂ ಹೆಚ್ಚು ಕುಡಿದೆ.

ಒಂದು ವಿಷಯ ಇಲ್ಲಿ ಹೇಳಬೇಕೋ ಬೇಡವೋ ತಿಳಿಯದು. ಮುಗಿಸಿದ ಮೇಲೆ ತಲೆ ಸಿಡಿಯುತ್ತಿತ್ತು, ಎರಡು ಸಲ ವಾಂತಿಯಾಯಿತು, ಕೈಬೆರಳುಗಳು ಊದಿಕೊಂಡು ಉಂಗುರ ಗೆಣ್ಣಿನ ಕೆಳಗೆ ಸಿಕ್ಕಿಕೊಂಡಿತ್ತು. ಸೋಪು ಹಚ್ಚಿ ತಿರುಗಿಸಿದರೂ ಬರಲಿಲ್ಲ. ಮರುದಿನ ರೈಲಿನಲ್ಲಿ ತಾನಾಗಿಯೇ ಸಡಿಲವಾಯಿತು. ಉಳಿದುಕೊಂಡಿದ್ದ ಕಡೆ ತೂಕದ ಯಂತ್ರವಿತ್ತು. ಓಟದ ಹಿಂದಿನ ಸಂಜೆ 68.4 ಕಿಲೋ, ಓಟ ಮುಗಿಸಿ ಬಂದಾಗ 69.1. ಯಂತ್ರ ಕೆಟ್ಟಿದೆ ಎಂದುಕೊಂಡೆ.

ಸಂಜೆ ಓಟದ ವೈದ್ಯ:

ಯಂತ್ರ ಕೆಟ್ಟಿರಲಿಲ್ಲ ಎಂದೇ ನನ್ನ ಅನುಮಾನ. ಮುಖ ನೋಡದೆ, ರಕ್ತ ಪರೀಕ್ಷೆ ಇಲ್ಲದೆ ರೋಗನಿರ್ಣಯ ಮಾಡುವುದು ನನ್ನ ವೃತ್ತಿಗೆ ಒಪ್ಪುವ ಕೆಲಸವಲ್ಲ, ಆದ್ದರಿಂದ ಇದನ್ನು ಸಾಮಾನ್ಯ ತಿಳಿವಳಿಕೆಯಾಗಿ ಓದಿಕೊಳ್ಳಿ. ಸುಮಾರು ಐದು ಗಂಟೆ ಬೆವರಿದ ಮನುಷ್ಯನ ತೂಕ ಒಂದೆರಡು ಕಿಲೋ ಇಳಿಯಬೇಕೇ ಹೊರತು ಏರಕೂಡದು. ಏರಿದೆ ಎಂದರೆ ಬೆವರಿನಲ್ಲಿ ಹೋದದ್ದಕ್ಕಿಂತ ಹೆಚ್ಚು ನೀರು ಒಳಗೆ ಸೇರಿದೆ. ದೀರ್ಘ ಶ್ರಮದ ವೇಳೆ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನು ಹೆಚ್ಚಾಗಿರುವುದರಿಂದ ಆ ನೀರು ಹೊರಗೂ ಹೋಗುವುದಿಲ್ಲ. ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಬೆರಳು ಊದುವುದು, ಉಂಗುರ ಬಿಗಿಯಾಗುವುದು, ಇವು ಅದರ ಆರಂಭದ ಗುರುತುಗಳು. ಮುಂದುವರಿದರೆ ಗೊಂದಲ, ಫಿಟ್ಸ್, ಮಿದುಳಿನ ಊತ. ಪ್ರಾಣ ಹೋದ ಪ್ರಸಂಗಗಳೂ ಇವೆ.

ಇದರಲ್ಲಿ ಮೋಸ ಮಾಡುವ ಅಂಶವೆಂದರೆ, ನಿರ್ಜಲೀಕರಣದ ಗುರುತುಗಳೂ ಮೇಲ್ನೋಟಕ್ಕೆ ಹೀಗೆಯೇ ಕಾಣುತ್ತವೆ. ಸುಸ್ತಾಗಿ ಕುಸಿದವನಿಗೆ ಸುತ್ತಲಿನವರು ಕರುಣೆಯಿಂದ ಮತ್ತೆರಡು ಲೋಟ ನೀರು ಕುಡಿಸುತ್ತಾರೆ. ಇನ್ನು ಮುಂದೆ ಇಂಥ ಸ್ಥಿತಿಯಾದರೆ ಯಾರಿಗೂ ಹೇಳದೆ ಕೋಣೆಗೆ ಹೋಗಿ ಮಲಗಬೇಡಿ, ಮುಕ್ತಾಯದ ಬಳಿಯ ವೈದ್ಯಕೀಯ ಡೇರೆಗೆ ಹೋಗಿ ತೂಕ ಏರಿದೆ ಎಂಬುದನ್ನು ಮೊದಲು ಹೇಳಿ.

ಬೋಸ್ಟನ್ ಕನ್ನಡತಿ:

2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಒಬ್ಬ ಓಟಗಾರ್ತಿ ಇದೇ ಕಾರಣದಿಂದ ತೀರಿಕೊಂಡರು. ಅದೇ ವರ್ಷದ ಓಟದಲ್ಲಿ ಮುಕ್ತಾಯದ ಗೆರೆಯ ಬಳಿ 488 ಓಟಗಾರರ ರಕ್ತ ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 13 ಮಂದಿಯ ಸೋಡಿಯಂ ಮಟ್ಟ ಇರಬೇಕಾದ್ದಕ್ಕಿಂತ ಕೆಳಗಿತ್ತು. ಮೂವರದು ಅಪಾಯದ ಹಂತ ತಲುಪಿತ್ತು. ಓಟದ ವೇಳೆ ತೂಕ ಹೆಚ್ಚಿಸಿಕೊಂಡವರು ಮತ್ತು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರು ಅದರಲ್ಲಿ ಮುಖ್ಯವಾಗಿ ಸೇರಿದ್ದರು. ವೇಗದ ಓಟಗಾರರಿಗೆ ಅಷ್ಟು ಕುಡಿಯಲು ಪುರಸೊತ್ತೇ ಇರುವುದಿಲ್ಲ. ಈ ಅಪಾಯ ನಮ್ಮಂಥ ಹಿಂದಿನ ಸಾಲಿನವರದ್ದು.

ಉಪ್ಪು ಬೆರೆಸಿದ ಪಾನೀಯ ಕುಡಿದರೆ ಸಾಕು ಎನ್ನುವವರಿಗೂ ಒಂದು ಮಾತು: ಆ ಅಧ್ಯಯನದಲ್ಲಿ ಕುಡಿದದ್ದು ಏನು ಎಂಬುದರಿಂದ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯ ಪಾನೀಯಗಳ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ತುಂಬ ಕಡಿಮೆ. ಅತಿಯಾಗಿ ಕುಡಿದರೆ ಅದೂ ನೀರೇ. ಬಾಯಾರಿದಾಗ ಕುಡಿಯುವುದು, ಬಾಯಾರದಿದ್ದಾಗ ಮೇಜನ್ನು ದಾಟಿ ಹೋಗುವುದು.

ಮತ್ತು ಆಹಾರ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಬೇಕು. ನೀವು ಸುಮಾರು ಐದು ಗಂಟೆಯಲ್ಲಿ ತಿಂದದ್ದು ಒಂದೂವರೆ ಜೆಲ್, ಹೆಚ್ಚುಕಡಿಮೆ 40 ಗ್ರಾಂ. ಜೆಲ್ ಒಗ್ಗದಿದ್ದರೆ ಬಾಳೆಹಣ್ಣು, ಬೆಲ್ಲದ ತುಂಡು, ಏನಾದರೂ ಸರಿ, ಆದರೆ ಮೊದಲ ಮುಕ್ಕಾಲು ಗಂಟೆಯೊಳಗೆ ಆರಂಭಿಸಿ, ಮತ್ತು ಅಭ್ಯಾಸದ ಉದ್ದ ಓಟಗಳಲ್ಲೇ ಹೊಟ್ಟೆಗೆ ಕಲಿಸಿ. ಕಡಲೆ ಮಿಠಾಯಿಯನ್ನು ಮಾತ್ರ ಓಡುತ್ತಾ ತಿನ್ನಬೇಡಿ, ಬೀಜದ ಚೂರು ಗಂಟಲಿಗೆ ಸಿಕ್ಕಿ ನಾನು ಎರಡು ಕಿಲೋಮೀಟರ್ ಕೆಮ್ಮುತ್ತಾ ಓಡಿದ್ದೇನೆ.

ನಿಧಾನವೇ ಪ್ರಧಾನ:

ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ಎಲ್ಲರೂ ಆತ ಕೊನೆಯಲ್ಲಿ ನಡೆದದ್ದನ್ನು ಸೋಲು ಎಂದು ಹಿಡಿದುಕೊಂಡು ಮಾತಾಡುತ್ತಿದ್ದೀರಿ. ನಡೆದದ್ದು ತಪ್ಪಲ್ಲ, ತಡವಾಗಿ ನಡೆದದ್ದು ತಪ್ಪು. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಹವ್ಯಾಸಿ ಓಟಗಾರರಿಗೆ ಐದು ದಶಕ ಕಾಲ ಕಲಿಸಿದ್ದು ಇದನ್ನೇ: ದಣಿಯುವ ಮೊದಲೇ, ಮೊದಲ ಕಿಲೋಮೀಟರಿನಿಂದಲೇ, ಲೆಕ್ಕವಿಟ್ಟು ನಡೆಯಬೇಕು.

ಲೆಕ್ಕ ಹಾಕಿ ನೋಡೋಣ. ಒಂಬತ್ತು ನಿಮಿಷ ಕಿಲೋಮೀಟರಿಗೆ 5:50ರಂತೆ ಓಡಿ, ಒಂದು ನಿಮಿಷ ಕಿಲೋಮೀಟರಿಗೆ 10 ನಿಮಿಷದಂತೆ ಚುರುಕಾಗಿ ನಡೆದರೆ, ಹತ್ತು ನಿಮಿಷದಲ್ಲಿ 1.64 ಕಿಲೋಮೀಟರ್ ಸಾಗುತ್ತೀರಿ. ಸರಾಸರಿ 6:05. ಪೂರ್ತಿ ಓಟಕ್ಕೆ 4 ಗಂಟೆ 17 ನಿಮಿಷ. ‘ಒಂದು ಹೆಜ್ಜೆಯೂ ನಡೆಯುವುದಿಲ್ಲ’ ಎಂದು ಹೊರಟು ಬಂದ 4:51ಕ್ಕಿಂತ ಅದು 34 ನಿಮಿಷ ಬೇಗ. ಆ ಒಂದು ನಿಮಿಷದಲ್ಲಿ ಮೀನಖಂಡಕ್ಕೆ ಬೇರೆ ಕೆಲಸ ಸಿಗುತ್ತದೆ, ಬಾಳೆಹಣ್ಣು ನೆಮ್ಮದಿಯಾಗಿ ಗಂಟಲಿಳಿಯುತ್ತದೆ, ನಿಜವಾಗಿ ಬಾಯಾರಿದೆಯೇ ಎಂದು ಕೇಳಿಕೊಳ್ಳಲು ಸಮಯ ಸಿಗುತ್ತದೆ.

ಹಳೆಯ ಷೂ:

ಅಂಕಗಣಿತ ಸರಿಯಾಗಿದೆ. ಆದರೆ ಮ್ಯಾರಥಾನ್ ಎಂಬುದು ಓಟದ ಸ್ಪರ್ಧೆ. ಮೊದಲ ಕಿಲೋಮೀಟರಿನಿಂದಲೇ ನಡೆಯಲು ಯೋಜನೆ ಹಾಕುವವರು ಇನ್ನೂ ಒಂದು ವರ್ಷ ಹಾಫ್ ಓಡಲಿ ಎಂಬುದು ನನ್ನ ಅಭಿಪ್ರಾಯ. ಮೇಲಾಗಿ, ಕಿಕ್ಕಿರಿದ ರಸ್ತೆಯಲ್ಲಿ ಮುಂದಿನವರು ಇದ್ದಕ್ಕಿದ್ದಂತೆ ನಡೆಯಲು ತೊಡಗಿದರೆ ಹಿಂದಿನವರು ಮುಗ್ಗರಿಸುತ್ತಾರೆ.

ನಿಧಾನವೇ ಪ್ರಧಾನ:

ಎಡಕ್ಕೆ ಸರಿದು, ಕೈಯೆತ್ತಿ ಸೂಚಿಸಿ ನಡೆಯಬೇಕು. ಅದನ್ನು ಕಲಿಯದವರ ಮೇಲಿನ ಸಿಟ್ಟನ್ನು ಪದ್ಧತಿಯ ಮೇಲೆ ತೀರಿಸಿಕೊಳ್ಳಬೇಡಿ.

ಬೆಳಗಾವಿಯವ:

ವಾದದ ನಡುವೆ ನಮ್ಮೂರಿನವನ ನೆನಪು ಮಾಡಿಕೊಳ್ಳಲು ಅವಕಾಶ ಕೊಡಿ, ವಿಷಯಕ್ಕೆ ಸಂಬಂಧವಿದೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಸಮಯ 2 ಗಂಟೆ 50 ನಿಮಿಷ 45 ಸೆಕೆಂಡ್. ಅಂದು ಓಟದ ದೂರ ಇನ್ನೂ ಗೊತ್ತುಪಡಿಸಿದ್ದಾಗಿರಲಿಲ್ಲ. 1908ರ ಲಂಡನ್ ಓಟದ 42.195 ಕಿಲೋಮೀಟರನ್ನು ಎಲ್ಲೆಡೆಗೆ ಅಳತೆಯಾಗಿ ಒಪ್ಪಿಕೊಂಡದ್ದು 1921ರಲ್ಲಿ. ಆಂಟ್‌ವರ್ಪ್‌ನಲ್ಲಿ ಅವರು ಓಡಿದ್ದು 42.75 ಕಿಲೋಮೀಟರ್. ಭಾಗಿಸಿ ನೋಡಿ, ಕಿಲೋಮೀಟರಿಗೆ ಹೆಚ್ಚುಕಡಿಮೆ ಸರಿಯಾಗಿ ನಾಲ್ಕು ನಿಮಿಷ. ಇಂದಿನ ಮೆತ್ತನೆಯ ಷೂಗಳಿಲ್ಲ, ಜೆಲ್ ಇಲ್ಲ, ಮಣಿಕಟ್ಟಿನ ಗಡಿಯಾರವಿಲ್ಲ. ಅದೇ ಓಟದಲ್ಲಿದ್ದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರರಿಗೆ ಮುಗಿಸಲಾಗಲಿಲ್ಲ.

ನಾವೆಲ್ಲ ಶಿವನಾಥ್ ಸಿಂಗ್ ಅವರ ಹೆಸರು ಕೇಳಿದ್ದೇವೆ. ಅವರು 1978ರಲ್ಲಿ ಜಲಂಧರ್‌ನಲ್ಲಿ ಓಡಿದ 2:12:00 ನಾಲ್ಕು ದಶಕ ಕಳೆದರೂ ರಾಷ್ಟ್ರೀಯ ದಾಖಲೆಯಾಗಿಯೇ ಉಳಿದಿತ್ತು. ಚೌಗುಲೆಯವರ ಹೆಸರು ಮಾತ್ರ ಬೆಳಗಾವಿಯ ಓಟಗಾರರಿಗೂ ಅಷ್ಟಾಗಿ ಗೊತ್ತಿಲ್ಲ ಎಂಬುದು ನನ್ನ ಕೊರಗು. ಗಡಿಯಾರವಿಲ್ಲದವರು ಉಸಿರನ್ನು ಕೇಳಿಕೊಂಡು ಓಡುತ್ತಿದ್ದರು. ನೀವು ನಾಲ್ಕು ಗಂಟೆಗೆ ಮುಗಿಸಲು ಕಿಲೋಮೀಟರಿಗೆ ಬೇಕಾದ 5:41 ಎಂಬ ಅಂಕಿಯನ್ನು ಕೇಳಿಕೊಂಡು ಓಡಿದಿರಿ ಎಂದು ನನಗೆ ಅನ್ನಿಸುತ್ತದೆ.

ಕುಕ್ಕರಹಳ್ಳಿ ದಂಡೆ:

ನಿಜ, ಗಡಿಯಾರದ 5:41 ಬಿಟ್ಟು ನಾನು ಬೇರೇನನ್ನೂ ನೋಡಲಿಲ್ಲ. ಅದರಲ್ಲೂ ಒಂದು ತಕರಾರಿದೆ: ಮುಗಿಸಿದಾಗ ಗಡಿಯಾರ 42.9 ಕಿಲೋಮೀಟರ್ ತೋರಿಸುತ್ತಿತ್ತು. ದಾರಿಯನ್ನೇ ಉದ್ದ ಅಳೆದಿದ್ದಾರೆಯೇ?

ಸೈಕಲ್ ಚಕ್ರ:

ಇಲ್ಲ. ಮಾನ್ಯತೆ ಪಡೆದ ದಾರಿಗಳನ್ನು ಮುಂದಿನ ಚಕ್ರಕ್ಕೆ ಎಣಿಕೆಯ ಯಂತ್ರ ಕಟ್ಟಿದ ಸೈಕಲ್ಲಿನಿಂದ, ಪ್ರತಿ ತಿರುವಿನಲ್ಲೂ ಅತಿ ಹತ್ತಿರದ ಅಂಚು ಹಿಡಿದು ಅಳೆಯುತ್ತಾರೆ. ಚಿಕ್ಕದಾಗಬಾರದೆಂದು ಸಾವಿರಕ್ಕೆ ಒಂದರಂತೆ, ಎಂದರೆ ಸುಮಾರು 42 ಮೀಟರ್, ಹೆಚ್ಚುವರಿ ಸೇರಿಸುತ್ತಾರೆ. ಉಳಿದ ಆರೇಳು ನೂರು ಮೀಟರ್ ನಿಮ್ಮದೇ: ತಿರುವುಗಳಲ್ಲಿ ಹೊರಬದಿಯಲ್ಲಿ ಓಡಿದ್ದು, ಜನರನ್ನು ಬಳಸಿ ಹೋದದ್ದು, ನೀರಿನ ಮೇಜಿಗೆ ಅಡ್ಡಾಡಿದ್ದು, ಜೊತೆಗೆ ಎತ್ತರದ ಕಟ್ಟಡಗಳ ನಡುವೆ ಗಡಿಯಾರ ದಿಕ್ಕು ತಪ್ಪಿದ್ದು. ಗಡಿಯಾರದ 5:41ನ್ನು ಕೊನೆಯವರೆಗೂ ಹಿಡಿದಿದ್ದರೂ ನೀವು 4:04ಕ್ಕೆ ಮುಗಿಸುತ್ತಿದ್ದಿರಿ. ನಾಲ್ಕು ಗಂಟೆ ಆರಂಭದಲ್ಲೇ ಕೈ ತಪ್ಪಿತ್ತು. ರಸ್ತೆಯ ಕಿಲೋಮೀಟರ್ ಫಲಕ ಬಂದಾಗ ಗುಂಡಿ ಒತ್ತುವ ಅಭ್ಯಾಸ ಮಾಡಿಕೊಳ್ಳಿ.

ಕುಕ್ಕರಹಳ್ಳಿ ದಂಡೆ:

ಒಂಬತ್ತು ವಾರಗಳ ನಂತರ ವರದಿ ಒಪ್ಪಿಸುತ್ತಿದ್ದೇನೆ. ವಾರದ ದೂರವನ್ನು 50ಕ್ಕೆ ತಂದಿದ್ದೇನೆ, 55 ಆಗಲಿಲ್ಲ, ಮನೆ ಕೆಲಸಗಳಿವೆ. ಕಳೆದ ಭಾನುವಾರ ಶ್ರೀರಂಗಪಟ್ಟಣದ ಬಳಿ ಕಾಲುವೆ ಏರಿಯ ಮೇಲೆ 32 ಕಿಲೋಮೀಟರ್ ಓಡಿದೆ. ಎರಡೂ ಕಡೆ ಗದ್ದೆ, ಸಮತಟ್ಟು ದಾರಿ, ಏಳು ಗಂಟೆಯವರೆಗೆ ಬಿಸಿಲಿಲ್ಲ. ಹಳೆಯ ಷೂ ಅವರ ಕ್ಷಮೆ ಕೋರಿ, ಒಂಬತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆಯ ಕ್ರಮ ಹಿಡಿದೆ. ಸೊಂಟದ ಚೀಲದಲ್ಲಿ ಮೂರು ಬಾಳೆಹಣ್ಣು ಮತ್ತು ಅಚ್ಚು ಬೆಲ್ಲದ ತುಂಡುಗಳಿದ್ದವು. ಎರಡನೆಯ ಗಂಟೆಯ ಹೊತ್ತಿಗೆ ಬೆಲ್ಲ ಬೆವರಿಗೆ ಕರಗಿ ಚೀಲವೆಲ್ಲ ಅಂಟಾಗಿ, ಇರುವೆಗಳು ಮನೆಯವರೆಗೂ ಹಿಂಬಾಲಿಸಿದವು. ಬೆಲ್ಲಕ್ಕೆ ಬೇರೆ ಪ್ಯಾಕೆಟ್ ಬೇಕು.

ಉಂಗುರವನ್ನು ತೆಗೆದಿಡದೆ ಬೇಕೆಂದೇ ಹಾಕಿಕೊಂಡು ಹೋಗಿದ್ದೆ. ಪ್ರತಿ ನಡಿಗೆಯಲ್ಲೂ ಒಮ್ಮೆ ತಿರುಗಿಸಿ ನೋಡಿದೆ, ಕೊನೆಯವರೆಗೂ ಸಲೀಸಾಗಿ ತಿರುಗುತ್ತಿತ್ತು. ಹೊರಡುವಾಗ 68.3 ಕಿಲೋ, ಬಂದಾಗ 67.4. ಒಟ್ಟು ಸಮಯ 3 ಗಂಟೆ 17 ನಿಮಿಷ. ಮೊದಲ ಐದು ಕಿಲೋಮೀಟರ್ 31:05, ಕೊನೆಯ ಐದು 30:40.

ಹಳೆಯ ಷೂ:

ನಡೆದದ್ದನ್ನು ಓಟ ಎಂದು ಕರೆಯಲು ನನಗೆ ಇನ್ನೂ ಮನಸ್ಸಿಲ್ಲ. ಆದರೆ ಈ ವೇಗವನ್ನು 42.195ಕ್ಕೆ ಎಳೆದರೆ 4 ಗಂಟೆ 20 ನಿಮಿಷ ಆಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಒಂದೇ ಅನುಮಾನ: ಕೊನೆಯ ಐದು ಕಿಲೋಮೀಟರಿನಲ್ಲೂ ಕ್ರಮ ತಪ್ಪದೆ ನಡೆದಿರಾ?

ಕುಕ್ಕರಹಳ್ಳಿ ದಂಡೆ:

ಕೊನೆಯ ಎರಡು ನಡಿಗೆಗಳನ್ನು ಬಿಟ್ಟು ಓಡಿಬಿಟ್ಟೆ. ನೀವು ಕೇಳದಿದ್ದರೆ ಹೇಳಬಾರದು ಎಂದುಕೊಂಡಿದ್ದೆ.